ಜೋಡಿ ಸಿಗದ ಪರಮಾಣುಗಳು

ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ಅವ್ವನೇ ಉತ್ತರ ಕೊಟ್ಟುಬಿಡುತ್ತಾಳೆ: "ತಮ್ಮಂಗೊಂದು ಎಣ್ಣು ನೋಡವ್ವ ಅಂದ್ರೆ, ಇವ್ಳು ಗಾಳಿ ಲೆಕ್ಕ ಆಕ್ತಾ ಕೂತವ್ಳೆ." ಪೂರ್ತಿ ಸುಳ್ಳಲ್ಲ. ನಂಜನಗೂಡಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಊಹೆಗೂ ಮೀರಿ ತಣ್ಣಗಾದ ಅನಿಲಗಳ ಲೆಕ್ಕ ಮಾಡುತ್ತೇನೆ. ಬಿಳಿಗೆರೆ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ.

ತಮ್ಮನಿಗೆ ಜಮೀನಿದೆ, ಬಾಳೆತೋಟವಿದೆ, ಕೆಟ್ಟ ಚಟವಿಲ್ಲ. ಹೆಣ್ಣು ಮಾತ್ರ ಸಿಗುವುದಿಲ್ಲ. ಬೇಸಾಯದವನಿಗೆ ಕೊಡುವುದಕ್ಕಿಂತ ಬಾವಿಗೆ ತಳ್ಳುವುದು ಮೇಲು ಎನ್ನುವ ಅಪ್ಪಂದಿರೆಲ್ಲ ಬೇಸಾಯದವರೇ. ಪಕ್ಕದ ಮನೆಯ ಹುಡುಗಿಯನ್ನು ಕೇಳಿದ್ದೆವು. ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಅವಳು ಮುಖಕ್ಕೆ ಹೊಡೆದ ಹಾಗೆ ಒಲ್ಲೆ ಎಂದಳು. ಯುಗಾದಿ ಕಳೆದ ಮೇಲೆ ಮೈಸೂರಿನ ನೌಕರನೊಬ್ಬನ ಜೊತೆ ಅವಳ ಮದುವೆ ಗೊತ್ತಾಯಿತು.

ಆ ವಾರ ಬಾಳೆಗೊನೆ ಇಳಿಸುತ್ತಾ ತಮ್ಮ ನನ್ನ ಲೆಕ್ಕ ಏನೆಂದು ಕೇಳಿದ. ಖುಷಿಯಾಗಿ ಹೇಳಿದೆ. ಎರಡು ಬಗೆಯ ಪರಮಾಣುಗಳನ್ನು ಒಂದೆಡೆ ಕೂಡಿಹಾಕಿ ತಣ್ಣಗೆ ಮಾಡಿದರೆ ಜೋಡಿ ಜೋಡಿಯಾಗಿ, ಎಲ್ಲೂ ಉಜ್ಜದೆ ಹರಿಯತೊಡಗುತ್ತವೆ, ಅದೇ ಸೂಪರ್‌ಫ್ಲೂಯಿಡ್. ಒಂದು ಬಗೆ ಹೆಚ್ಚಾಗಿಬಿಟ್ಟರೆ ಜೋಡಿಗಳು ನಡುವೆ ಉಳಿದು ಮಿಕ್ಕವನ್ನು ಹೊರಗೆ ದಬ್ಬುತ್ತವೆ.

"ದಬ್ಬುಸ್ಕೊಂಡವು ಏನ್ ಮಾಡ್ತವಕ್ಕ?"

"ಏನೂ ಇಲ್ಲ ಕಣೋ. ಸುತ್ತ ನಿಂತಿರ್ತವೆ."

"ಒಳ್ಳೇವು ಬುಡು," ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಊರಾಚೆ ನಾಲೆಯ ಮೋರಿ ಕಟ್ಟೆಯ ಮೇಲೆ ಸಂಜೆ ಕೂರುವವರೆಲ್ಲ ಮದುವೆಯಾಗದ ಗಂಡಸರು. ಮೊದಲೆಲ್ಲ ಅಲ್ಲಿಂದ ನಗು, ಇಸ್ಪೀಟಿನ ಗಲಾಟೆ ಕೇಳುತ್ತಿತ್ತು. ಆ ಮದುವೆ ಗೊತ್ತಾದ ಮೇಲೆ ಅಲ್ಲಿ ಸದ್ದೇ ಇರುತ್ತಿರಲಿಲ್ಲ. ನನಗೆ ಅದು ಹಿಡಿಸಲಿಲ್ಲ.

ಮೊನ್ನೆ ನಾನೂ ಆ ಹುಡುಗಿಯೂ ಒಂದೇ ಬಸ್ಸಿನಿಂದ ಇಳಿದೆವು. ಇನ್ನೂ ಬೆಳಕಿತ್ತು. ಮೋರಿಯ ಹತ್ತಿರ ಬಂದಂತೆ ಅವರೆಲ್ಲ ಎದ್ದು ನಮ್ಮ ಸುತ್ತ ಬಂದರು. ಯಾರೂ ಮುಟ್ಟಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಮುಂದಿನವರು ಒಂದಿಷ್ಟು ಜಾಗ ಬಿಟ್ಟರು, ಹಿಂದಿನವರು ಕೂಡಿಕೊಂಡರು. ನಾವು ನಡೆದಂತೆ ಗುಂಪೂ ನಡೆಯಿತು. ಬೇರೆ ಬಗೆಯವುಗಳ ನಡುವೆ ಒಂಟಿ ಪರಮಾಣು ಸಿಕ್ಕಿಕೊಂಡರೆ, ಸುತ್ತಲಿನವನ್ನೂ ಎಳೆದುಕೊಂಡು ಸಾಗಬೇಕಾಗಿ, ಅದರ ತೂಕವೇ ಹೆಚ್ಚಿದಂತಾಗುತ್ತದೆ. ಆಗ ಅದನ್ನು ಬರೀ ಕಣ ಎನ್ನದೆ ಕ್ವಾಸಿಪಾರ್ಟಿಕಲ್ ಎನ್ನುತ್ತೇವೆ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಹುಡುಗಿಗೆ ಕಾಲೇ ಏಳುತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ.

ಗುಂಪಿನಿಂದ ತಮ್ಮ ಮುಂದೆ ಬಂದ. ಸದ್ಯ, ಇನ್ನು ಭಯವಿಲ್ಲ ಎಂದುಕೊಂಡೆ.

"ನೀನು ಮನೆಗೋಗಕ್ಕ," ಎಂದ ಮೆಲ್ಲಗೆ. "ಇವ್ಳನ್ನ ಮನೆಗೆ ನಾವು ಬುಡ್ತೀವಿ."

ನಾನು ಎತ್ತಿ ಆಡಿಸಿದ ತಮ್ಮ. ಅವನನ್ನು ಕಂಡು ಹೆದರಿದೆ. ಹಿಡಿದ ಕೈ ಬಿಡದೆ ಅವಳನ್ನು ಅವಳ ಮನೆಯ ಬಾಗಿಲಿಗೆ ಮುಟ್ಟಿಸಿ ಬಂದೆ.

ಊಟಕ್ಕೆ ಕೂತಾಗ ಅವನಿಗೆ ಹೇಳಿದೆ, ಅವಳು ಮದುವೆಯಾಗಿ ಹೋಗುವವರೆಗೂ ಬಸ್ಸಿಳಿದು ನಾನು ಅವಳ ಜೊತೆಗೇ ಬರುತ್ತೇನೆ ಎಂದು. ಅವನು ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಕೇಳಿದ:

"ದಿನಾ ಆಯ್ತದಾ ನಿಂಗೆ?"