ಹುಬ್ಬಳ್ಳಿಗೆ ನಾನೇ ಒಯ್ದ ಬಾಟಲಿ

ಮದುವೆಯಾಗಿ ಒಂಬತ್ತು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಇದ್ದವರು ಮೂವರೇ: ಅತ್ತೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಯಜಮಾನರು, ನಾನು. ದೋಷ ನನ್ನದೇ ಎಂದು ಅತ್ತೆ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಸೋಮವಾರದ ಉಪವಾಸ ನನಗೆ, ಯಾರೋ ಹೇಳಿದ ಬೇರಿನ ಕಹಿರಸ ನನಗೆ. ಯಜಮಾನರಿಗೆ ಮಾತ್ರ ಎರಡೂ ಹೊತ್ತು ಬಿಸಿ ರೊಟ್ಟಿ.

ಅವು ಎರಡನೆಯ ಮಹಾಯುದ್ಧದ ದಿನಗಳು. ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಹೊಸ ಡಾಕ್ಟರಬಾಯಿ ಬಂದಿದ್ದಾರೆಂದು ಕೇಳಿ, ಹಟ ಹಿಡಿದು ಹೋದೆ. ಅವರು ಗರ್ಭನಾಳದೊಳಗೆ ಗಾಳಿ ಬಿಟ್ಟು ನೋಡುವ ಪರೀಕ್ಷೆ ಮಾಡಿದರು. ಹೊಟ್ಟೆ ಹಿಂಡಿದಂತಾಯಿತು; ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಆಮೇಲೆ ಎಬ್ಬಿಸಿ ಕೂಡಿಸಿ ಕೇಳಿದರು:

"ಹೆಗಲು ನೋಯಾಕತ್ತೈತೇನ್ರಿ?"

"ಹೌದ್ರಿ. ಹೊಟ್ಟಿಗೆ ಗಾಳಿ ಬಿಟ್ರ ಹೆಗಲ್ಯಾಕ ನೋಯ್ತೈತ್ರಿ?"

"ಗಾಳಿ ನಾಳ ದಾಟಿ ಮ್ಯಾಲ ಹೋಗೈತಿ. ಅಂದ್ರ ದಾರಿ ಮುಚ್ಚಿಲ್ಲ. ನಿಮ್ಮದೇನೂ ಕಮ್ಮಿ ಕಾಣೂದಿಲ್ಲ. ಇನ್ನ ನಿಮ್ಮ ಯಜಮಾನರನ್ನ ಪರೀಕ್ಷಾ ಮಾಡಬೇಕು."

ಮನೆಗೆ ಬಂದು ಹೇಳಿದರೆ ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನನಗೇನಾಗೇತಿ? ಗಟ್ಟಿಮುಟ್ಟ ಅದೀನಿ" ಎಂದರು. ಕಪ್ಪೆಯ ಕರುಳನ್ನು ಹಲಗೆಯ ಮೇಲೆ ಬಿಡಿಸಿ ತೋರಿಸುವ ಮಾಸ್ತರರಿಗೆ ತಮ್ಮ ಮೈಯ ಮಾತು ಬಂದರೆ ಮಾತ್ರ ಎಲ್ಲಿಲ್ಲದ ನಾಚಿಕೆ. ಒಂದು ತಿಂಗಳು ಶಾಲೆಯ ಪರೀಕ್ಷೆಯ ಪೇಪರಿನ ನೆಪ, ಇನ್ನೊಂದು ತಿಂಗಳು ಕೆಮ್ಮಿನ ನೆಪ. ಅಷ್ಟರಲ್ಲಿ ಅತ್ತೆ ಗೋಪನಕೊಪ್ಪದಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದರು, ಮಗನಿಗೆ ಎರಡನೆಯ ಮದುವೆ ಮಾಡಲು. ಹದಿನಾರು ವರ್ಷದ ಹುಡುಗಿಯಂತೆ.

ನಾನು ತವರಿಗೆ ಹೊರಡುತ್ತೇನೆಂದು ಟ್ರಂಕು ತೆಗೆದ ಮೇಲೆ ಯಜಮಾನರು ಒಪ್ಪಿದರು. ಆದರೆ ಆಸ್ಪತ್ರೆಯಲ್ಲಿ ಮಾತ್ರ ಆಗುವುದಿಲ್ಲವೆಂದರು. ಸರಿ, ಮನೆಯಲ್ಲೇ ವೀರ್ಯವನ್ನು ಬಾಟಲಿಯಲ್ಲಿ ಹಿಡಿದು, ಮೈಬಿಸಿ ಆರದಂತೆ ಒಂದೂವರೆ ತಾಸಿನೊಳಗೆ ತಲುಪಿಸಿ ಎಂದು ಡಾಕ್ಟರಬಾಯಿ ಹೇಳಿ ಕಳಿಸಿದರು. ಮೊದಲ ಸಲ ಯಜಮಾನರು ಸ್ಟೇಶನ್ನಿನಲ್ಲಿ ಹೆಡ್‌ಮಾಸ್ತರರ ಕೈಗೆ ಸಿಕ್ಕು, ಮಾತಾಡುತ್ತ ನಿಂತು ಗಾಡಿ ತಪ್ಪಿಸಿಕೊಂಡರು. ಎರಡನೆಯ ಸಲ ಬಾಟಲಿಯನ್ನು ತಣ್ಣೀರಿನ ಬಟ್ಟೆಯಲ್ಲಿ ಸುತ್ತಿ ಒಯ್ದರು. ಆಸ್ಪತ್ರೆಯವರು ಅದನ್ನು ಮುಟ್ಟಲಿಲ್ಲ.

"ಬಿಸಿಲಾಗ ಕೆಡಬಾರದಂತ ಮಾಡಿದೆ" ಎಂದರು ಮನೆಗೆ ಬಂದು.

"ಅದೇನು ಹಾಲೇನ್ರಿ? ಇನ್ನೊಮ್ಮೆ ನೀವು ಹೋಗೂದು ಬ್ಯಾಡ. ನಾನ ಒಯ್ತೇನಿ."

ಮೂರನೆಯ ಸಲ ಬಾಟಲಿಯನ್ನು ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೇ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ; ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಉಣಕಲ್ಲಿನ ಹತ್ತಿರ ನಮ್ಮ ಬಸ್ಸು ನಿಂತೇಬಿಟ್ಟಿತು. ಕಂಡಕ್ಟರ್ ಇಳಿದು, ಬಸ್ಸಿನ ಹಿಂದೆ ಕಟ್ಟಿದ್ದ ಇದ್ದಿಲ ಒಲೆಯೊಳಗೆ ಕಬ್ಬಿಣದ ಸರಳು ಹಾಕಿ ಸಾವಕಾಶ ಕೆದಕತೊಡಗಿದ.

"ಲಗೂ ಮಾಡ್ರಿ. ಔಷಧ ಐತಿ, ಆರಿದ್ರ ಕೆಡ್ತೈತಿ" ಎಂದೆ.

"ಏನವಸರ್ರಿ ಅಕ್ಕಾರ. ಹುಬ್ಬಳ್ಳಿ ಎಲ್ಲೂ ಓಡಿ ಹೋಗೂದಿಲ್ಲ."

ಎಲ್ಲರೂ ಇಳಿದು ಬಸ್ಸು ನೂಕಿದರು. ನಾನೊಬ್ಬಳೇ ಸೊಂಟ ಹಿಡಿದುಕೊಂಡು ಒಳಗೆ ಕೂತೆ. ಬಸುರಿಯೆಂದು ತಿಳಿದು ಒಬ್ಬ ಮುದುಕಿ ಕಿಟಕಿಯಿಂದ ಪೇರಲಹಣ್ಣು ಕೊಟ್ಟಳು. ಇಸಿದುಕೊಂಡೆ, ಏನು ಹೇಳುವುದು?

ಅಂತೂ ಒಂದೂವರೆ ತಾಸು ತುಂಬುವುದರೊಳಗೆ ತಲುಪಿದೆ. ಡಾಕ್ಟರಬಾಯಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ ನನ್ನನ್ನೂ ಕರೆದರು. ಬೆಳಕಿನ ದುಂಡನೆಯ ಬಯಲು. ಅದರಲ್ಲಿ ಏನೂ ಇರಲಿಲ್ಲ.

"ಬಸ್ಸು ತಡ ಮಾಡಿದ್ದಕ್ಕೇನ್ರಿ?"

"ಅಲ್ರಿ. ತಡಾ ಆಗಿದ್ರ ಸತ್ತ ಬೀಜ ಆದ್ರೂ ಕಾಣಬೇಕಾಗಿತ್ತು. ಇಲ್ಲಿ ಬೀಜಾನ ಇಲ್ಲ. ಸಣ್ಣವರಿದ್ದಾಗ ಅವರಿಗೆ ಕೆನ್ನಿ ಕೆಳಗ ಮಂಗಬಾವು ಬಂದಿತ್ತೇನು? ಅದು ವೃಷಣಕ್ಕ ಇಳಿದ್ರ ಬೀಜ ಆಗೂದ ನಿಂತುಬಿಡ್ತೈತಿ."

ಬಂದಿತ್ತು. ಹದಿನೈದನೆಯ ವಯಸ್ಸಿನಲ್ಲಿ ಎರಡೂ ಕಡೆ ಬಾತು, ಕೆಳಗೂ ಇಳಿದು ಹದಿನೈದು ದಿನ ಮಲಗಿದ್ದ ಕಥೆಯನ್ನು ಅತ್ತೆಯೇ ನನಗೆ ಹೇಳಿದ್ದರು. ಖಾತ್ರಿಗೆಂದು ಇನ್ನೊಮ್ಮೆ ಒಯ್ದೆ. ಉತ್ತರ ಅದೇ.

ಡಾಕ್ಟರರ ಚೀಟಿಯನ್ನು ಯಜಮಾನರು ಓದಿದರು, ಮಡಚಿ ಪುಸ್ತಕದಲ್ಲಿಟ್ಟರು. ತಾಯಿಗೆ ಮಾತ್ರ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಎರಡು ವಾರ ಕಳೆದವು. ಒಂದು ಭಾನುವಾರ ಹುಡುಗಿಯ ಅಪ್ಪ ಮಾತುಕತೆಗೆ ಬಂದೇಬಿಟ್ಟರು. ಅತ್ತೆ ನನ್ನೆದುರಿಗೇ, "ಇಕಿ ಬಂಜಿ. ನಿಮ್ಮ ಮಗಳು ಬಂದ್ರ ಮನಿ ಬೆಳೀತೈತಿ" ಎಂದರು. ಯಜಮಾನರು ಕಪ್ಪಿನಿಂದ ಬಸಿಗೆ ಸುರಿದ ಚಹಾ ನೋಡುತ್ತ ಕೂತಿದ್ದರು. ನಾನು ಪುಸ್ತಕದಿಂದ ಚೀಟಿ ತೆಗೆದು ಅವರ ಮುಂದಿಟ್ಟೆ.

"ನೀವು ಹೇಳ್ತೀರೋ, ನಾ ಹೇಳಲ್ಯೋ?"

ಅವರು ಬಸಿ ಸರಿಸಿ ತಾಯಿಯ ಕಡೆ ತಿರುಗಿದರು. "ಅವ್ವಾ, ಕಮ್ಮಿ ನಂದೈತಿ. ಎಷ್ಟು ಮದುವಿ ಮಾಡಿದ್ರೂ ಅಷ್ಟ."

ಹುಡುಗಿಯ ಅಪ್ಪ ರುಮಾಲು ಸರಿಮಾಡಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ನನಗೆ ಹೇಳಿದರು: "ತಂಗೀ, ನನ್ನ ಮಗಳ್ನ ಉಳಿಸಿದಿ."

ಅತ್ತೆ ಕೊನೆಯವರೆಗೂ ನಂಬಲಿಲ್ಲ. "ಗಂಡಸಿಗೆ ಎಲ್ಲೆರ ಹಂಗಿರ್ತೈತೇನು? ಇಕಿನ ಕಲಿಸಿಕೊಟ್ಟಾಳ" ಎನ್ನುತ್ತಿದ್ದರು. ಆದರೆ ಮದುವೆಯ ಮಾತು ಮತ್ತೆ ಎತ್ತಲಿಲ್ಲ.

ಓಣಿಯಲ್ಲಿ ಮಾತ್ರ ಹೇಳಬೇಡ ಎಂದು ಯಜಮಾನರು ಕೇಳಿಕೊಂಡರು. ನಾನು ಹೇಳಲಿಲ್ಲ. ಬಸುರಿಯರಿಗೆ ಉಡಿ ತುಂಬುವ ಮನೆಗಳಲ್ಲಿ ಅಕ್ಕಿಯ ತಟ್ಟೆ ನನ್ನನ್ನು ದಾಟಿ ಮುಂದಿನವರ ಕೈಗೆ ಹೋಗುತ್ತಿತ್ತು. ಅಂಥ ದಿನ ಮನೆಗೆ ಬಂದು ಯಜಮಾನರ ಕೂಡ ಒಂದು ಮಾತೂ ಆಡುತ್ತಿರಲಿಲ್ಲ. ಯಾಕೆಂದು ಅವರೂ ಕೇಳುತ್ತಿರಲಿಲ್ಲ.