ಕುಬಸದ ದಿನ ಕೈಕೊಟ್ಟ ಕಾರು

ಹೋದ ದೀಪಾವಳಿ ಮುಗಿದ ಮೇಲೆ ನಾವು ಒಂದು ಹಳೆಯ ಕಾರು ಕೊಂಡೆವು. ಅಂದಿನಿಂದ ನನಗೆ ನೆಮ್ಮದಿ ಎಂಬುದೇ ಇರಲಿಲ್ಲ. ವೀರಭದ್ರನನ್ನು ಮನೆದೇವರೆಂದು ನಂಬಿದ ನಿಮ್ಮೆಲ್ಲರ ಮುಂದೆ ಈ ಸಂಗತಿ ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆ ದಿನಗಳಲ್ಲಿ ನಾನು ಅವನನ್ನು ಬೇಡಿದ್ದಕ್ಕಿಂತ ಬೈದದ್ದೇ ಹೆಚ್ಚು. ಆದರೂ ಅವನು ನಮ್ಮ ಕೈ ಬಿಡಲಿಲ್ಲ.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿರುವ ಹೈಸ್ಕೂಲ್ ಶಿಕ್ಷಕಿ. ನನ್ನ ತಂಗಿ ಮಹಾದೇವಿಯನ್ನು ಕಮಲಾಪುರಕ್ಕೆ ಕೊಟ್ಟಿದೆ. ಅವಳ ಗಂಡ ಬಸವರಾಜ ಅಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಎರಡು ಸಲ ಗರ್ಭ ನಿಂತರೂ ಮಗು ಕೈಗೆ ದಕ್ಕಿರಲಿಲ್ಲ. ಮತ್ತೆ ಬಸಿರಾದಾಗ ಕಲಬುರಗಿಯ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ, ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೆಳಗೆ ಕೂತಿದೆ, ಬಸ್ಸಿನ ಕುಲುಕಾಟ ಬೇಡವೇ ಬೇಡ, ರಕ್ತ ಕಂಡರೆ ಒಂದು ಗಳಿಗೆಯೂ ತಡ ಮಾಡಬೇಡಿ ಎಂದು ಎಚ್ಚರಿಸಿದ್ದರು. ಕಾರು ಕೊಂಡದ್ದೇ ಅವಳನ್ನು ತಪಾಸಣೆಗೆ ಕರೆತಂದು ಬಿಟ್ಟುಬರಲು. ನಮ್ಮ ಮನೆಯವರಿಗೆ ಗಾಡಿ ಓಡಿಸಲು ಬರುವುದಿಲ್ಲ. ನಾನೇ ಓಡಿಸುತ್ತೇನೆ.

ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಹೊರಟರೆ ಮೊದಲ ವಾರವೇ ಮಹಾಗಾಂವ ಕ್ರಾಸ್ ಹತ್ತಿರ ಬಾನೆಟ್ಟಿನಿಂದ ಉಗಿ ಎದ್ದಿತು. ರೇಡಿಯೇಟರ್ ಬದಲಿಸಿದೆವು. ಆಮೇಲೆ ಕಿಟಕಿಯ ಗಾಜು ಕೆಳಗಿಳಿದದ್ದು ಮೇಲೆ ಬರಲೊಲ್ಲದು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಟವೆಲ್ ಕಟ್ಟಿಕೊಂಡು ಓಡಿಸಿದೆ. ಅದು ಸರಿಯಾಯಿತು ಅನ್ನುವಷ್ಟರಲ್ಲಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತಾನಾಗಿಯೇ ಕೂಗತೊಡಗಿತು. ಆಸ್ಪತ್ರೆಯ ಮುಂದೆ ತಿರುಗುವಾಗ ಎಷ್ಟು ಜನರಿಂದ ಬೈಸಿಕೊಂಡೆನೋ. ಕೊನೆಗೆ ಎಲ್ಲಕ್ಕಿಂತ ದೊಡ್ಡ ರೋಗ ಶುರುವಾಯಿತು. ಒಂದು ದಿನ ಕೀಲಿ ತಿರುವಿದ ಕೂಡಲೇ ಸ್ಟಾರ್ಟ್ ಆಗುವುದು, ಮರುದಿನ ಏನು ಮಾಡಿದರೂ ಇಲ್ಲ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಎಂದ. ಬದಲಿಸಿದೆವು. ಇನ್ನೊಬ್ಬ ಸೆಲ್ಫ್ ಮೋಟಾರ್ ಎಂದ. ಅದನ್ನೂ ಬಿಚ್ಚಿಸಿದೆವು. ಗ್ಯಾರೇಜಿಗೆ ಕಾರು ಒಯ್ದಾಗಲೆಲ್ಲ ಅದು ಹೊಸ ಕುದುರೆಯ ಹಾಗೆ ಓಡುತ್ತಿತ್ತು. ಮನೆಗೆ ಬಂದು ನಿಂತರೆ ಮತ್ತೆ ಮುಷ್ಕರ.

ಕಾರು ಮಾರಿದವನ ಹತ್ತಿರ ಹೋಗಿ ಕೇಳಿದರೆ ಅವನು ಚಹಾ ತರಿಸಿ, ನಗುತ್ತ ಹೇಳಿದ: "ಮೇಡಂ, ಹಳಿ ಗಾಡಿ ಅಂದ್ರ ಹೊಸ ಸೊಸಿ ಇದ್ದಂಗರಿ. ಮನಿಗಿ ಹೊಂದ್ಲಾಕ ಟೈಮ್ ತಗೊಂತದ." ನಾನು ಚಹಾ ಮುಟ್ಟದೆ ಎದ್ದು ಬಂದೆ.

ಇಷ್ಟೆಲ್ಲ ಆದರೂ ದಿನಾ ಮುಂಜಾನೆ ಸ್ಟೇರಿಂಗಿಗೆ ವಿಭೂತಿ ಹಚ್ಚಿ, ವೀರಭದ್ರನ ಹೆಸರು ಹೇಳಿಯೇ ಕೀಲಿ ತಿರುಗಿಸುತ್ತಿದ್ದೆ. ನಮ್ಮ ಮನೆಯವರು, ದೇವರಿಗೂ ಇಂಜಿನ್ನಿಗೂ ಏನು ಸಂಬಂಧ ಎಂದು ಚೇಷ್ಟೆ ಮಾಡುತ್ತಿದ್ದರು.

ಮಹಾದೇವಿಗೆ ಒಂಬತ್ತನೆಯ ತಿಂಗಳು ಬಿತ್ತು. ಇನ್ನು ಕಲಬುರಗಿಯಲ್ಲೇ ಇದ್ದರೆ ಒಳ್ಳೆಯದೆಂದು ಡಾಕ್ಟರಮ್ಮ ಹೇಳಿದರು. ಅವಳ ಅತ್ತೆ ಮಾತ್ರ, ಕಮಲಾಪುರದಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡೇ ಹೋಗಲಿ ಎಂದು ಹಟ ಹಿಡಿದರು. ಬಹಳ ವರ್ಷಕ್ಕೆ ಬಂದ ಸಂಭ್ರಮ, ಅವರದೂ ತಪ್ಪಲ್ಲ. ಕುಬಸದ ಹಿಂದಿನ ದಿನ ತಪಾಸಣೆಗೆ ಬಂದ ತಂಗಿ ನಮ್ಮಲ್ಲೇ ಉಳಿದಳು. ಮುಂಜಾನೆ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟು, ಮಲ್ಲಿಗೆ ಮುಡಿದು ತಯಾರಾದಳು. ನಾನು ಕೀಲಿ ತಿರುವಿದೆ. ಟಕ್ ಎಂದಿತು, ಅಷ್ಟೇ.

ಮತ್ತೆ ತಿರುವಿದೆ. ಬಾನೆಟ್ ಎತ್ತಿ ಅಲ್ಲಿಲ್ಲಿ ಬಡಿದೆ. ನಮ್ಮ ಮನೆಯವರೂ ಓಣಿಯವರೂ ಸೇರಿ ತಳ್ಳಿದರು. ಮೆಕ್ಯಾನಿಕ್ ಫೋನ್ ಎತ್ತಲಿಲ್ಲ. ಲಗ್ನದ ಸೀಜನ್, ಬಾಡಿಗೆ ಕಾರಿನವನು ಮಧ್ಯಾಹ್ನದ ತನಕ ಆಗುವುದಿಲ್ಲವೆಂದ. ಅತ್ತ ಕಮಲಾಪುರದಿಂದ ಅತ್ತೆಯ ಫೋನಿನ ಮೇಲೆ ಫೋನು. ಬಂದ ಬೀಗರೆಲ್ಲ ಕೂತಿದ್ದಾರೆ, ಹೋಳಿಗೆ ಆರುತ್ತಿದೆ, ಇಂಥ ಗಾಡಿ ಕೊಳ್ಳಬೇಕೆಂದು ನಿಮಗೆ ಯಾರು ಹೇಳಿದರು ಎಂದು ಬಾಯಿಗೆ ಬಂದಂತೆ ಅಂದರು.

ನಾನು ಒಳಗೆ ಹೋಗಿ ದೇವರ ಜಗಲಿಯ ಮುಂದೆ ನಿಂತೆ. ಕೈ ಮುಗಿಯಲೂ ಇಲ್ಲ.

"ಯಪ್ಪಾ ವೀರಭದ್ರಾ, ನಾ ನಿನಗ ಬಂಗಾರ ಬೇಡೀನೇನು? ಒಂದು ಗಾಡಿ ಚಾಲೂ ಮಾಡು ಅಂದೀನಿ. ಅಷ್ಟೂ ಆಗಲ್ಲಂದ್ರ ನಿನ್ನ ಮುಂದ ದೀಪ ಹಚ್ಚೂದರ ಯಾಕ?"

ಹೊರಗೆ ಬಂದರೆ ಮಹಾದೇವಿ ಪಡಸಾಲೆಯಲ್ಲಿ ಕೂತು ನಗುತ್ತಿದ್ದಳು. "ಬಿಡಕ್ಕ, ನಿನ್ನ ಗಾಡಿಗಿ ಕುಬಸದ ಊಟ ಬ್ಯಾಡಾಗ್ಯಾದ" ಎಂದಳು. ನೀರು ಕುಡಿಯಲೆಂದು ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ಅಕ್ಕಾ, ಸೀರಿ ತೋಯ್ಲಾಕತ್ತದ."

ಹಸಿರು ಸೀರೆಯ ಮೇಲೆ ರಕ್ತ. ನಮ್ಮ ಮನೆಯವರು ಓಣಿಯ ತುದಿಗೆ ಓಡಿ ಆಟೋ ತಂದರು. ಆಸ್ಪತ್ರೆ ನಮ್ಮ ಕಾಲೋನಿಗೆ ಹತ್ತಿರ. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಳೆಗಳ ಸದ್ದು ಸಣ್ಣಗಾಗುತ್ತ ಬಂತು. ಕಣ್ಣು ಮುಚ್ಚಬೇಡ ಎಂದು ಅವಳಿಗೆ ಹೇಳುತ್ತಲೇ ಇದ್ದೆ. ಅಷ್ಟು ಹೊತ್ತು ದೇವರ ನೆನಪೇ ಬರಲಿಲ್ಲ.

ಡಾಕ್ಟರಮ್ಮ ಬೆಳಗಿನ ರೋಗಿಗಳನ್ನು ಬಿಟ್ಟು ಅವಳನ್ನು ನೇರ ಆಪರೇಷನ್ ಕೋಣೆಗೆ ಕರೆದೊಯ್ದರು. ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಸದಾ ಚೇಷ್ಟೆ ಮಾಡುವ ನಮ್ಮ ಮನೆಯವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ಅಳು ಕೇಳಿಸಿತು. ಹೆಣ್ಣು ಮಗು. ತೂಕ ಕಡಿಮೆ, ಆದರೆ ಉಸಿರಾಟ ಸರಿಯಾಗಿತ್ತು. ತಾಯಿಗೆ ರಕ್ತ ಕೊಡುತ್ತಿದ್ದಾರೆ, ಭಯವಿಲ್ಲ ಎಂದರು.

ಡಾಕ್ಟರಮ್ಮ ಹೊರಗೆ ಬಂದು ಕಮಲಾಪುರಕ್ಕೆ ಯಾವಾಗ ಹೊರಟಿದ್ದಿರಿ ಎಂದು ಕೇಳಿದರು. ಹೇಳಿದೆ. ಅವರು ಮುಖಗವಸು ತೆಗೆದು ನನ್ನನ್ನೇ ನೋಡಿದರು. "ಆ ಹೊತ್ತಿಗಿ ಹೊಂಟಿದ್ರ ಅರ್ಧ ದಾರ್ಯಾಗ ಇರ್ತಿದ್ರಿ ಟೀಚರ್. ಇಬ್ಬರನ್ನೂ ಉಳಿಸ್ತಿದ್ದೆ ಅಂತ ನಾ ಹೇಳಲಾರೆ."

ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಮುಂಜಾನೆ ನಾನು ಬೇಡಿದ್ದೇನು, ಅವನು ಕೊಟ್ಟದ್ದೇನು!

ಸುದ್ದಿ ತಿಳಿದು ಬಸವರಾಜ ಹಣೆಯ ಕುಂಕುಮ ಒರೆಸದೆ ತಾಯಿಯೊಡನೆ ಓಡಿಬಂದ. ಫೋನಿನಲ್ಲಿ ಬೈದಿದ್ದ ಅತ್ತೆ ಗಾಜಿನಾಚೆ ಮಗುವನ್ನು ನೋಡಿ, ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಗಾಡಿ ನಿಂತದ್ದಕ್ಕ ನಿನಗ ಬೈದೆನವ್ವಾ. ಚಾಲೂ ಆಗಿದ್ರ ನನ್ನ ಹಟಕ್ಕ ಸೊಸೀನೂ ಕೂಸೂ ಹೋಗ್ತಿದ್ದು."

ಮರುದಿನ ಮನೆಗೆ ಬಂದು ಸುಮ್ಮನೆ ಕೀಲಿ ತಿರುವಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂದೆ ಒಂದು ಗ್ಯಾರೇಜಿನಲ್ಲಿ ಕೊನೆಗೂ ಕಾರಣ ಸಿಕ್ಕಿತು: ಇಲಿ ಒಂದು ವೈರನ್ನು ಅರ್ಧ ಕಡಿದಿತ್ತು. ಅದು ತಗುಲಿದಾಗ ಗಾಡಿ ಓಡುತ್ತಿತ್ತು, ತಗುಲದಿದ್ದಾಗ ಇಲ್ಲ. ಇದರಲ್ಲಿ ಪವಾಡವೇನು ಬಂತು ಎಂದು ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ಆ ಇಲಿಗೆ ಹಲ್ಲು ಕೊಟ್ಟವನು ಯಾರು, ಹಿಂದಿನ ದಿನವೂ ಮರುದಿನವೂ ತಗುಲಿದ ಆ ವೈರು ಅಂದೇ ಯಾಕೆ ತಪ್ಪಿತು ಎಂದು ನಾನು ಕೇಳಿದೆ.

ಮಗು ಈಗ ಬೋರಲು ಬೀಳುತ್ತದೆ. ಕಾರಿಗೆ ಇದೀಗ ಕ್ಲಚ್ಚಿನ ತಕರಾರು ಶುರುವಾಗಿದೆ. ವೀರಭದ್ರನ ಹತ್ತಿರ ಬೇಡುವುದನ್ನು ನಾನು ಬಿಟ್ಟಿಲ್ಲ. ಬೇಡಿದ್ದು ಆಗದಿದ್ದರೆ ಸಿಟ್ಟೂ ಬರುತ್ತದೆ, ಒಂದೆರಡು ಮಾತು ಬೈದೂಬಿಡುತ್ತೇನೆ. ಆದರೆ ಬೈದ ಮೇಲೆ ಮೊದಲಿನಂತೆ ಹೊರಟು ಹೋಗುವುದಿಲ್ಲ. ಅವನ ಮುಂದೆಯೇ ಕೂತು, ಬೇಡಿದ್ದರ ಬದಲು ಏನು ಕೊಡುತ್ತಾನೋ ಎಂದು ಕಾಯುತ್ತೇನೆ.