ಕುಡಿಯದವರ ಕಾಯಿಲೆ

ನನ್ನ ಗಂಡ ಭದ್ರಾವತಿಯ ಜನ್ನಾಪುರದಲ್ಲಿ ಬೈಕ್ ಮೆಕ್ಯಾನಿಕ್. ನಮ್ಮಲ್ಲಿ ಹೆಂಡ ಹರಾಮು; ಅವರು ಮುಟ್ಟಿದವರೂ ಅಲ್ಲ. ಆದರೂ ಅವರ ಮೇದೋಜ್ಜೀರಕ ಗ್ರಂಥಿ ಕೆಟ್ಟು ಆರು ವರ್ಷವಾಗಿತ್ತು. ಉಂಡ ಮೇಲೆ ಹೊಟ್ಟೆ ಹಿಡಿದು ಮುದುಡಿ ಮಲಗಿಬಿಡುತ್ತಿದ್ದರು. ಹೋದ ಆಸ್ಪತ್ರೆಯಲ್ಲೆಲ್ಲ ಡಾಕ್ಟರ ಮೊದಲ ಪ್ರಶ್ನೆ ಒಂದೇ: "ಎಷ್ಟು ಕುಡಿತೀರಿ?" ಕೇಳಿ ಕೇಳಿ ನನಗೂ ಅನುಮಾನ ಹೊಕ್ಕಿತು. ಒಗೆಯಲು ಹಾಕಿದ ಅವರ ಶರ್ಟನ್ನು ಮೂಸಿ ನೋಡುತ್ತಿದ್ದೆ. ಪೆಟ್ರೋಲು, ಗ್ರೀಸು, ಬೆವರು. ಒಂದು ದಿನ ಅವರು ನೋಡಿಬಿಟ್ಟರು. ಶರ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಕೆಟ್ಟಿಗೆ ಹಾಕಿದರು.

ಕಳೆದ ವರ್ಷ ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರೇ ಬಚ್ಚಲಲ್ಲಿ ರಕ್ತ ಕಾರಿಕೊಂಡರು. ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಓಡಿದೆವು. ಸ್ಕ್ಯಾನ್ ನೋಡಿದ ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ನನ್ನನ್ನು ಕೂರಿಸಿಕೊಂಡು ಹೇಳಿದರು.

"ಆ ಗ್ರಂಥಿ ರಸ ಪಕ್ಕದ ರಕ್ತನಾಳದ ಗೋಡೇನ ತಿಂದಿದೆಯಮ್ಮ. ನಾಳ ಅಲ್ಲಿ ಉಬ್ಬಿ ಒಡೆದಿದೆ. ಈ ಸ್ಥಿತೀಲಿ ಹೊಟ್ಟೆ ಕೊಯ್ದರೆ ಇವರು ತಡ್ಕೊಳಲ್ಲ. ತೊಡೆ ಹತ್ರದ ನಾಳದಿಂದ ಸಣ್ಣ ಟ್ಯೂಬ್ ತೂರಿಸಿ ಅಲ್ಲಿಗೆ ಹೋಗಿ, ತಂತಿ ಸುರುಳಿ ತುಂಬಿ ಮುಚ್ತೀವಿ."

"ಕುಡಿದಿದ್ದಕ್ಕೇ ಹಿಂಗಾಯ್ತಾ ಮೇಡಂ?" ಎಂದು ಕೇಳಿದೆ.

"ಯಾರು ಹೇಳಿದ್ದು? ಕುಡೀದೇ ಇರೋರಿಗೂ ಬರುತ್ತೆ. ಇವರ ಗ್ರಂಥಿ ತುಂಬ ಕಲ್ಲಿದೆ. ಕೆಲವರಿಗೆ ಯಾಕೆ ಬರುತ್ತೆ ಅಂತ ನಮಗೂ ಗೊತ್ತಾಗಲ್ಲ."

ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

ಎರಡು ಗಂಟೆಯ ಮೇಲೆ ಅವರನ್ನು ಹೊರಗೆ ತಂದರು. ಪೂರ್ತಿ ಎಚ್ಚರವಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. "ಕಾಲು ಅಲ್ಲಾಡಿಸ್ಬಾರದಂತೆ" ಎಂದರು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ರಕ್ತ ನಿಂತಿತು, ನೋವು ಹೋಗಲಿಲ್ಲ. ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ಈಗ ಗ್ಯಾರೇಜಿಗೆ ಹೋದರೂ ಸ್ಪ್ಯಾನರ್ ತಿರುಗಿಸುವ ಬಲವಿಲ್ಲ. ಇನ್ನೊಂದು ನಾಳ ಯಾವಾಗ ಬೇಕಾದರೂ ಉಬ್ಬಬಹುದು ಎಂದಿದ್ದಾರೆ ಡಾಕ್ಟರು.

ಮೊನ್ನೆ ಬೆಳಿಗ್ಗೆ ನಾನು ಇನ್ಸುಲಿನ್ ಚುಚ್ಚುವಾಗ ಅವರು ಕೇಳಿದರು: "ನಾನು ಕುಡಿತೀನಿ ಅಂತ ನೀನೂ ಅನ್ಕೊಂಡಿದ್ದೆ, ಅಲ್ವಾ?"

ಸುಳ್ಳು ಹೇಳಬಹುದಿತ್ತು. "ಹೌದು ರೀ, ತಪ್ಪಾಯ್ತು" ಎಂದೆ.

ಅವರು ಶರ್ಟನ್ನು ಕೆಳಗೆಳೆದುಕೊಂಡರು. "ಇಷ್ಟು ವರ್ಷ!" ಎಂದರು. ಗಂಜಿ ತಂದಿಟ್ಟೆ. ನಾಲ್ಕು ಚಮಚ ಕುಡಿದು ಬಟ್ಟಲು ಸರಿಸಿ, ನನಗೆ ಬೆನ್ನು ಮಾಡಿ ಮಲಗಿದರು.